ಮುಚ್ಚಿ ಎಸೆದ ಎಲೆ

ಬಿಲ್ಲೆಗಳನ್ನು ಜೋಡಿಸುವುದೇ ಆಟವೆಂಬಂತೆ ಲವೋನ್ ಅವನ್ನು ಕೆಡವಿ ಮತ್ತೆ ಜೋಡಿಸಿದಳು. ಒಂದೊಂದು ಡಾಲರಿನ ನೀಲಿ ಬಿಲ್ಲೆಗಳು, ಎಷ್ಟೋ ಜನರ ಬೆವರು ಕುಡಿದು ಅಂಚು ಸವೆದು ಬಳಸಿದ ಸಾಬೂನಿನಂತೆ ನುಣುಪಾದವು. ಬೆಳಗಿನ ಹೊತ್ತು ಮರುಭೂಮಿಯ ಜೂಜಿನ ಊರಾದ ಲಾಫ್ಲಿನ್‌ನ ಈ ಪೋಕರ್ ಕೋಣೆಯಲ್ಲಿ ತುಂಬುವುದು ಒಂದೇ ಮೇಜು. ಎರಡು ಡಾಲರು, ಬಹಳವೆಂದರೆ ನಾಲ್ಕು, ಅದಕ್ಕಿಂತ ಹೆಚ್ಚು ಒಮ್ಮೆಗೆ ಕಟ್ಟುವಂತಿಲ್ಲ. ಯಾರ ಮನೆಯೂ ಮುಳುಗದ ಆಟ. ಸ್ವಲ್ಪ ಅಡ್ಡಾಡಿ ಬರ್ತೀನಿ ಎಂದು ಗಂಡ ಗೇಲನ್‌ಗೆ ಹೇಳಿ ತಿಂಡಿಯ ಸಾಲಿನಿಂದ ತಪ್ಪಿಸಿಕೊಂಡು ಬಂದಿದ್ದಳು. ಗಂಡನಿಲ್ಲದೆ ಮೇಜಿಗೆ ಕೂತದ್ದು ಇದೇ ಮೊದಲು, ಯಾರಾದರೂ ಬಂದು ನೀವು ಇಲ್ಲಿಯವರಲ್ಲ, ಏಳಿ ಎಂದುಬಿಡುತ್ತಾರೇನೋ ಎಂದು ಕುರ್ಚಿಯ ಅಂಚಿನಲ್ಲೇ ಕೂತಿದ್ದಳು. ಸಂಜೆ ನಾಲ್ಕಕ್ಕೆ ನದಿಯಾಚೆ ಬುಲ್‌ಹೆಡ್‌ನಲ್ಲಿ ಮನೆ ದಲ್ಲಾಳಿ ಹೆಂಗಸು ಕಾಯುತ್ತಿರುತ್ತಾಳೆ. ಹೊಸ ಮನೆಯ ಕಾಗದಕ್ಕೆ ಗೇಲನ್ ಸಹಿ ಹಾಕುತ್ತಾನೆ, ಅವನ ಕೆಳಗೆ ಇವಳು ಹಾಕುತ್ತಾಳೆ. ಹಿಮ ಕರಗಿದ ಮೇಲೆ ಮೈನಾಟ್‌ನ ತಮ್ಮ ಹಳೆ ಮನೆ ಮಾರಾಟಕ್ಕೆ. ಬೇಡ ಎಂಬ ಒಂದು ಮಾತು ನವೆಂಬರಿನಿಂದಲೂ ಅವಳ ಗಂಟಲಲ್ಲಿತ್ತು. ನುಂಗಿದ ಮಾತ್ರೆ ನಡುವೆ ಅಂಟಿಕೊಂಡ ಹಾಗೆ, ನೀರು ಕುಡಿದರೆ ಇಳಿಯದೆ, ಕೆಮ್ಮಿದರೆ ಬಾರದೆ.

"ಎಲ್ಲಿಯೋರು ನೀವು?" ಎಂದಳು ಪಕ್ಕದ ರಮೋನಾ. ಕಣ್ಣಿಗೆ ಬೆಳಕು ಹೊಡೆಯದಂತೆ ಹಣೆಗೆ ಹಸಿರು ಮರೆ ಕಟ್ಟಿಕೊಂಡ, ಫ್ರೆಸ್ನೋದಲ್ಲಿ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಅಷ್ಟನ್ನು ಅವಳೇ ಕೂತ ಕೂಡಲೇ ಎಲ್ಲರಿಗೂ ಹೇಳಿದ್ದಳು.

"ಮೈನಾಟ್. ನಾರ್ತ್ ಡಕೋಟಾ."

"ಅಲ್ಲಿ ಜನ ಕೂಡ ಇರ್ತಾರಾ? ಆ ಚಳಿಗೆ ನಾನಾಗಿದ್ರೆ ಗಂಡನ್ನ ಬಿಟ್ಟು ಓಡಿಹೋಗ್ತಿದ್ದೆ."

"ನಿನಗೆ ಗಂಡ ಎಲ್ಲಿದಾನೆ?" ಎಂದ ಎದುರಿನ ಎಲ್ಡನ್. ಎಂಬತ್ತರ ಆಸುಪಾಸಿನ ಮುದುಕ, ಇಲ್ಲಿನ ಖಾಯಂ ಗಿರಾಕಿ, ಶರಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿದ್ದ.

"ಇದ್ದ. ಬಿಟ್ಟು ಓಡಿಬಂದೆ. ಫ್ರೆಸ್ನೋದಲ್ಲಿ ಅಷ್ಟೇನೂ ಚಳಿ ಇಲ್ಲದಿದ್ರೂ."

ಮೇಜು ನಕ್ಕಿತು. ಇಸ್ಪೀಟೆಲೆ ಹಂಚುತ್ತಿದ್ದ ಮರಿಸೆಲ್ ಕೂಡ ತುಟಿಯಂಚಿನಲ್ಲಿ ನಕ್ಕಳು. ಈ ನಗೆಯೊಳಗೆ ತನಗೂ ಜಾಗ ಮಾಡಿಕೊಳ್ಳಬೇಕೆನಿಸಿ ಲವೋನ್, "ನಾವೂ ಈ ಕಡೇನೇ ಬರ್ತಿದೀವಿ. ನದಿಯಾಚೆ ಮನೆ ನೋಡಿದೀವಿ" ಅಂದುಬಿಟ್ಟಳು. ಒಳ್ಳೆ ಕೆಲಸ, ಸಲಿಕೆ ಮಾರಿಬಿಡಿ, ಇನ್ನು ಹಿಮ ಬಾಚೋ ಕಷ್ಟ ಇಲ್ಲ ಎಂದು ನಾಲ್ಕೂ ಕಡೆಯಿಂದ ಹಾರೈಕೆ ಬಂತು. ಯಾರೂ ಕೇಳದೆ ತಾನೇ ಹೇಳಿದ ಮಾತು ತಿರುಗಿ ತನ್ನ ಮೇಲೇ ಬಿದ್ದಾಗ ಅವಳು ಸರಿಯಾದ ಜಾಗದಲ್ಲಿ ನಕ್ಕಳು.

ಹಿಮವೆಂದರೆ ಇಷ್ಟ ಎಂದು ಹೇಗೆ ಹೇಳುವುದು. ಹೇಳಿದರೆ ಹುಚ್ಚಿ ಎನ್ನುತ್ತಾರೆ, ಇಲ್ಲವೇ ಬಡಾಯಿ ಎನ್ನುತ್ತಾರೆ. ಮೈನಾಟ್‌ನಲ್ಲಿ ಎಲ್ಲರೂ ಚಳಿಯನ್ನು ಬಯ್ಯುತ್ತಾರೆ. ಇಗರ್ಜಿಯಲ್ಲಿ, ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಅದೇ ಜನರ ನಮಸ್ಕಾರ. ಅವಳೂ ಬಯ್ದಿದ್ದಳು, ಬಾಯಿಗೆ ಬಂದ ಹಾಗೆ. ಆದರೆ ಫೆಬ್ರವರಿಯ ಸಂಜೆ, ಸೂರ್ಯ ಹೋದ ಮೇಲೆ, ದೀಪ ಹಾಕುವುದಕ್ಕೆ ಮುಂಚೆ, ಅಡುಗೆಮನೆಯ ಕಿಟಕಿಯಾಚೆ ಹಿಮ ತಾನೇ ತಾನಾಗಿ ನೀಲಿಯಾಗುತ್ತದೆ. ಬಣ್ಣ ಮೇಲಿಂದ ಬಿದ್ದದ್ದಲ್ಲ, ಒಳಗಿಂದ ಎದ್ದದ್ದು. ಈ ಬಿಲ್ಲೆಗಳ ಕೆಟ್ಟ ನೀಲಿಯಲ್ಲ. ಆ ಹೊತ್ತು ಆಲೂಗಡ್ಡೆ ಸುಲಿಯುತ್ತಿದ್ದ ಕೈ ನಿಂತುಹೋಗುತ್ತದೆ. ಜಗತ್ತು ಅವಳಿಂದ ಏನನ್ನೂ ಕೇಳುವುದಿಲ್ಲ. ಆಮೇಲೆ ಗೇಲನ್‌ನ ಗಾಡಿಯ ಸದ್ದಾಗುತ್ತದೆ, ಅವಳು ದೀಪ ಹಾಕುತ್ತಾಳೆ, ಕಿಟಕಿ ಕರ್ರಗಾಗಿ ಅದರಲ್ಲಿ ಅವಳ ಮುಖ ಮಾತ್ರ ಉಳಿಯುತ್ತದೆ. ಮದುವೆಯಾದಾಗಿನಿಂದ ಪ್ರತಿ ಚಳಿಗಾಲ ಹೀಗೆ ಒಂದು ಕಳ್ಳಸುಖ, ಯಾರಿಗೂ ಗೊತ್ತಿಲ್ಲದ್ದು, ಗೊತ್ತಾಗಬಾರದ್ದು ಎಂದು ಅವಳು ಏಕೆ ಅಂದುಕೊಂಡಿದ್ದಳೋ.

"ನಿಮ್ಮ ಸರದಿ ಅಮ್ಮ," ಎಂದಳು ಮರಿಸೆಲ್.

ಕೈಯಲ್ಲಿದ್ದ ಎರಡು ಎಲೆಗಳ ಮೂಲೆ ಎತ್ತಿ ನೋಡಿದಳು. ರಾಣಿ, ಇನ್ನೊಂದು ರಾಣಿ. ನಡುವೆ ಮರಿಸೆಲ್ ಒಂದೊಂದಾಗಿ ಹಾಸಿದ ಐದು ಎಲೆಗಳಲ್ಲಿ ಮೂರನೆಯದೂ ರಾಣಿ. ಹಾಸಿದವುಗಳಲ್ಲಿ ಮೂರು ಕೆಂಪು ಆಟೀನ್ ಇದ್ದವು; ಯಾರಿಗಾದರೂ ಐದೂ ಆಟೀನ್ ಕೂಡಿದರೆ ಮೂರು ರಾಣಿಯರೂ ಸೋಲುತ್ತಾರೆ, ಅದೊಂದೇ ಭಯ. ಎಲ್ಲರೂ ಕೈಬಿಟ್ಟು ಕೊನೆಗೆ ಉಳಿದವರು ಅವಳು ಮತ್ತು ಎಲ್ಡನ್. ಅವನು ಪಣ ಕಟ್ಟಿದಾಗಲೆಲ್ಲ ಅವಳೂ ಅಷ್ಟೇ ಕಟ್ಟಿದಳು, ಏರಿಸಲಿಲ್ಲ. ಏರಿಸುವುದೆಂದರೆ ಒಬ್ಬರ ಮುಖಕ್ಕೆ ನಿನ್ನದಕ್ಕಿಂತ ನನ್ನದು ಮೇಲು ಎಂದ ಹಾಗೆ. ಕೊನೆಯ ಪಣ ಮುಗಿದಾಗ ಎಲ್ಡನ್ ಎಲೆಗಳನ್ನು ಕಣ್ಣಿನ ಹತ್ತಿರ ತಂದು, "ಆಟೀನ್. ಐದೂ ಆಟೀನ್" ಎಂದ.

ಲವೋನ್‌ನ ಕೈ ಅವಳನ್ನು ಕೇಳಲಿಲ್ಲ. ಎರಡೂ ರಾಣಿಯರನ್ನು ಮುಚ್ಚಿದ ಹಾಗೇ ನಡುವಿಗೆ ತಳ್ಳಿತು. ಮರಿಸೆಲ್‌ನ ಬೆರಳುಗಳು ಕ್ಷಣ ತಡೆದವೋ ಏನೋ; ನಿಯಮದಂತೆ ಎಸೆದ ಎಲೆಗಳನ್ನು ಎಸೆದ ರಾಶಿಗೆ ಸೇರಿಸಿ ಕಲಸಿಬಿಟ್ಟಳು. ಆಮೇಲೆ ಎಲ್ಡನ್ ತನ್ನ ಎಲೆಗಳನ್ನು ಮೇಜಿನ ಮೇಲೆ ತಿರುಗಿಸಿದ. ಒಂದು ಆಟೀನ್. ಇನ್ನೊಂದು ಡೈಮನ್. ಕೆಂಪು ಕೆಂಪೇ, ಆದರೆ ಡೈಮನ್.

ಮೇಜಿನ ಮೇಲೆ ಎಲೆ ಉಳಿದವನು ಎಲ್ಡನ್ ಒಬ್ಬನೇ, ಹಾಗಾಗಿ ರಾಶಿ ಅವನದೇ; ಮರಿಸೆಲ್ ಅದನ್ನು ಎರಡೂ ಕೈಯಿಂದ ಅವನ ಕಡೆ ನೂಕಿದಳು. ಅವನು ಮುಟ್ಟಲಿಲ್ಲ. ಅವನ ಕಿವಿ ಕೆಂಪಾಗಿತ್ತು. "ದರಿದ್ರ ಕಣ್ಣು," ಎಂದ. "ಆಣೆಮಾಡ್ತೀನಿ ಕಣಮ್ಮ, ಆಟೀನ್ ಅಂತಲೇ ಕಂಡಿದ್ದು. ನಿಮ್ಮ ಹತ್ರ ಏನಿತ್ತು?"

"ಏನಿಲ್ಲ," ಎಂದಳು ಲವೋನ್. "ನನ್ನ ಹತ್ರ ಏನೂ ಇರಲಿಲ್ಲ."

ಎಲ್ಡನ್‌ನ ಭುಜ ಇಳಿಯಿತು, ಅವನು ಬಿಲ್ಲೆ ಎಳೆದುಕೊಂಡ. ರಮೋನಾ ಹಸಿರು ಮರೆಯಡಿಯಿಂದ ಇವಳನ್ನೇ ನೋಡುತ್ತಿದ್ದಳು. "ಏನೂ ಇಲ್ದೆ ಕೊನೇವರೆಗೂ ದುಡ್ಡು ಹಾಕಿದ್ರಾ? ಮೈನಾಟ್‌ನಲ್ಲಿ ಎಲ್ರೂ ಹೀಗೇ ಆಡ್ತಾರೆ ಅನ್ನೋದಾದ್ರೆ ನಾಳೆನೇ ಬಸ್ ಹತ್ತೀನಿ."

ಮರಿಸೆಲ್ ಎಲೆ ಕಲಸುತ್ತ, ತಲೆ ಎತ್ತದೆ, ಯಾರಿಗೂ ಹೇಳದವಳ ಹಾಗೆ ಹೇಳಿದಳು: "ಯಾರು ಏನೇ ಅಂದ್ರೂ ಇಲ್ಲಿ ಮಾತು ಲೆಕ್ಕಕ್ಕಿಲ್ಲ ಅಮ್ಮ. ಎಲೆ ಮೇಲ್ಮುಖ ಮಾಡಿ ಇಟ್ಬಿಡಿ, ಅಷ್ಟೇ. ನೀವು ಬಾಯೂ ಬಿಡಬೇಕಿಲ್ಲ. ಓದೋ ಕೆಲಸ ನಂದು. ಕಾಣದ ಎಲೆನ ಮಾತ್ರ ನಾನು ಓದೋಕಾಗಲ್ಲ."

ಲವೋನ್ ತಲೆಯಾಡಿಸಿದಳು. ಮುಖ ಸುಡುತ್ತಿತ್ತು. ದುಡ್ಡಿನ ಮಾತಲ್ಲ, ಊಟದ ಬಿಲ್ಲಿನಷ್ಟೂ ಇರಲಿಲ್ಲ ಅದು. ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂಬುದೇ ಅವಳನ್ನು ಹಿಡಿದು ಅಲ್ಲಾಡಿಸಿತು. ನನ್ನ ಹತ್ರ ಏನೂ ಇರಲಿಲ್ಲ. ಇದೇ ದನಿ, ಇದೇ ತಲೆ ಓರೆ. ಪಿಯಾನೋದ ದಿನವೂ ಹೀಗೇ. ಗೇಲನ್ ಟೇಪು ಹಿಡಿದು ಗೋಡೆ ಅಳೆಯುತ್ತ, "ಇಲ್ಲೊಂದು ದೊಡ್ಡ ಸೋಫಾ ಬಂದ್ರೆ ಚೆನ್ನಾಗಿರುತ್ತೆ, ಆದ್ರೆ ಪಿಯಾನೋ ಇದೆಯಲ್ಲ, ಏನಂತೀಯ?" ಎಂದಿದ್ದ. ಕೇಳಿದ್ದ, ಪಾಪ. ಅವನು ಯಾವಾಗಲೂ ಕೇಳುತ್ತಾನೆ. ಅವಳು, "ಯಾರು ಬಾರಿಸ್ತಾರೆ ಅದನ್ನ, ಕೊಟ್ಬಿಡು" ಎಂದಿದ್ದಳು. ಅವನು ಕೆಲಸಕ್ಕೆ ಹೋದ ಮಧ್ಯಾಹ್ನಗಳಲ್ಲಿ ಬಾರಿಸುತ್ತಿದ್ದವಳು ಅವಳೇ. ಪಿಯಾನೋ ಹೊತ್ತೊಯ್ಯಲು ಬಂದವರಿಗೆ ಕಾಫಿ ಮಾಡಿ ಕೊಟ್ಟಿದ್ದಳು, ಬಾಗಿಲು ತಗುಲದ ಹಾಗೆ ಚೌಕಟ್ಟಿಗೆ ಹಳೆ ಕಂಬಳಿ ಕಟ್ಟಿದ್ದಳು. ಆಮೇಲೆ ಎಷ್ಟೋ ತಿಂಗಳು ಆ ಸೋಫಾದ ಮೇಲೆ ಕೂರುವಾಗ ಅವನ ಮೇಲೆ ಸಣ್ಣಗೆ ಕೋಪ ಬರುತ್ತಿತ್ತು, ಕೇಳಿದವನ ಮೇಲೆ. ಅದು ಅನ್ಯಾಯ ಎಂದು ಗೊತ್ತಿತ್ತು. ಗೊತ್ತಿದ್ದರಿಂದ ಅವನಿಗೆ ಇನ್ನಷ್ಟು ಅಕ್ಕರೆಯಿಂದ ಬಡಿಸುತ್ತಿದ್ದಳು. ಕೋಪದ ಮೇಲೆ ಅಕ್ಕರೆ, ಅಕ್ಕರೆಯ ಮೇಲೆ ದಣಿವು. ಹೊರಗಿನಿಂದ ನೋಡಿದವರಿಗೆ ಎಂಥ ಹೊಂದಿಕೆಯ ಜೋಡಿ.

ಆಟ ಕಲಿಸಿದವನೂ ಅವನೇ, ಅದೇ ಅಡುಗೆಮನೆಯ ಮೇಜಿನಲ್ಲಿ, ಒಣ ಹುರುಳಿಕಾಯಿ ಬೀಜಗಳನ್ನು ಪಣವಿಟ್ಟು. ಅವನು ಬೀಜ ಮುಂದೆ ತಳ್ಳಿದ ಕೂಡಲೇ ಅವಳು ಎಲೆ ಕೆಳಗಿಟ್ಟು ಆಟ ಬಿಡುತ್ತಿದ್ದಳು. "ಇಷ್ಟು ಬೇಗನಾ?" ಎಂದು ನಗುತ್ತಿದ್ದ. ಆ ನಗೆಯಲ್ಲಿ ಗೆದ್ದ ಖುಷಿಗಿಂತ ಬೇರೇನೋ ಇತ್ತಲ್ಲವೇ ಎಂದು ಈಗ, ಈ ಹವಾನಿಯಂತ್ರಿತ ತಂಪಿನಲ್ಲಿ, ಸ್ವೆಟರಿನ ತೋಳು ಎಳೆದುಕೊಳ್ಳುತ್ತ ಅವಳಿಗೆ ಮೊದಲ ಸಲ ಅನ್ನಿಸಿತು. ಗೋಡೆಗೆ ಚೆಂಡು ಎಸೆಯುವ ಹುಡುಗನ ಬೇಸರದಂಥದ್ದು.

"ಓಹೋ, ಇಲ್ಲಿದೀಯಾ."

ಗೇಲನ್ ಬಂದಿದ್ದ. ದಲ್ಲಾಳಿಯನ್ನು ನೋಡಲೆಂದು ತೆಗೆದಿಟ್ಟಿದ್ದ ತಿಳಿಹಳದಿ ಶರಟನ್ನು ಈಗಲೇ ಹಾಕಿಕೊಂಡಿದ್ದ. ಗಡ್ಡ ಹೆರೆದ ಕೆನ್ನೆ ಮಗುವಿನದರ ಹಾಗೆ ಹೊಳೆಯುತ್ತಿತ್ತು. ನೋಯುವ ಸೊಂಟವನ್ನು ಜೋಪಾನ ಮಾಡಿಕೊಂಡು ಎಲ್ಡನ್‌ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. "ಇವಳು ನನ್ನ ಹೆಂಡ್ತಿ," ಎಂದು ಮೇಜಿಗೆಲ್ಲ ಹೇಳಿದ, ಹೆಮ್ಮೆಯಿಂದ.

"ಗಂಡ ಹೆಂಡ್ತಿ ಒಂದೇ ಮೇಜಾ? ಒಬ್ರಿಗೊಬ್ರು ಮೆತ್ತಗೆ ಆಡೋದೆಲ್ಲ ಇಲ್ಲಿ ನಡೆಯಲ್ಲ ಸ್ವಾಮಿ," ಎಂದಳು ರಮೋನಾ.

"ನಮ್ಮವಳು ಎಲ್ರಿಗೂ ಮೆತ್ತಗೇ ಆಡೋದು. ಏನ್ ಮಾಡೋದು, ಒಳ್ಳೆಯವಳು."

ಒಳ್ಳೆಯವಳು ಎಂಬ ಮಾತು ಮೇಜಿನ ಹಸಿರು ಬಟ್ಟೆಯ ಮೇಲೆ ಬಿದ್ದಿತ್ತು, ಎತ್ತಿಕೊಳ್ಳುವವರಿಲ್ಲದೆ.

ಕೆಲವು ಸುತ್ತು ಹಾಗೇ ಕಳೆದವು. ಆಮೇಲೆ ಅವಳಿಗೊಂದು ಎಕ್ಕ, ಒಂದು ರಾಣಿ ಬಂದವು. ನಡುವೆ ಇನ್ನೊಂದು ಎಕ್ಕ ಬಿತ್ತು, ಅದರ ಪಕ್ಕ ಏಳು, ನಾಲ್ಕು. ಗೇಲನ್ ಪಣ ಕಟ್ಟಿದ. ಉಳಿದವರು ಎಲೆ ಬಿಟ್ಟರು. ಎಲ್ಲರೂ ಅವಳ ಕಡೆ ನೋಡಿದರು, ಅವಳ ಕೈ ಎಲೆಗಳ ಕಡೆ ಹೋಯಿತು, ಆಟ ಬಿಡಲು ಎರಡು ಬೆರಳು ತಾವಾಗಿಯೇ ಸಿದ್ಧವಾದವು. ಅವಳು ಆ ಬೆರಳುಗಳನ್ನು ನೋಡಿದಳು. ಅವು ಯಾರದೋ ಎನಿಸಿದವು. ಬಿಲ್ಲೆ ಎಣಿಸಿ ಮುಂದಿಟ್ಟಳು. ಒಂಬತ್ತು ಬಿತ್ತು; ಅವನು ಕಟ್ಟಿದ, ಅವಳೂ ಕಟ್ಟಿದಳು. ಗೇಲನ್ ಹುಬ್ಬೇರಿಸಿ, ಯಾಕೆ, ಸಾಕು ಬಿಡು, ಎಂಬಂತೆ ಸಣ್ಣಗೆ ತಲೆಯಾಡಿಸಿದ, ಮನೆಯಲ್ಲಿ ಮಾಡುವ ಹಾಗೆ, ಪ್ರೀತಿಯಿಂದಲೇ. ಕೊನೆಗೆ ಎರಡು ಬಿತ್ತು. ಅವನು ನಾಲ್ಕು ಡಾಲರು ಇಟ್ಟ. ಅವಳು ಆ ನಾಲ್ಕರ ಮೇಲೆ ತನ್ನ ನಾಲ್ಕು ಸೇರಿಸಿ ಎಂಟು ಇಟ್ಟಳು.

"ಏರಿಸಿದಾರೆ," ಎಂದಳು ಮರಿಸೆಲ್, ಮಾಮೂಲು ದನಿಯಲ್ಲಿ.

ಗೇಲನ್ ಬಹಳ ಹೊತ್ತು ಅವಳನ್ನು ನೋಡಿದ. ಎಷ್ಟೋ ವರ್ಷಗಳಲ್ಲಿ ಅವನು ಹಾಗೆ, ಏನಿರಬಹುದು ಎಂದು ಅವಳನ್ನು ನೋಡಿದ್ದೇ ಇಲ್ಲವಲ್ಲ ಎಂದು ಅವಳಿಗೆ ಹೊಳೆದು, ಹೆದರಿಕೆಯ ನಡುವೆಯೂ ಮೈಯಲ್ಲಿ ಏನೋ ಬೆಚ್ಚಗೆ ಹರಿಯಿತು. ಅವನು ಉಳಿದ ನಾಲ್ಕು ಇಟ್ಟು ಹೇಳಿದ: "ನನ್ನದು ಎರಡು ಜೋಡಿ, ವೋನಿ."

ಸೋತೆ ಎಂದು ತಕ್ಷಣ ತಿಳಿಯಿತು. ಎರಡು ಜೋಡಿಯ ಮುಂದೆ ಒಂದು ಜೋಡಿ ಎಕ್ಕ ನಿಲ್ಲುವುದಿಲ್ಲ. ಸೋತವರು ತೋರಿಸಬೇಕೆಂದಿಲ್ಲ, ಮುಚ್ಚಿ ಎಸೆಯಬಹುದು. ಮರ್ಯಾದೆ ಉಳಿಯುತ್ತದೆ, ಯಾರೂ ಕೇಳುವುದಿಲ್ಲ. ಕೈ ಮತ್ತೆ ಅಭ್ಯಾಸದ ಕಡೆ ಹೊರಟಿತು. ಅದನ್ನು ಅರ್ಧದಲ್ಲಿ ಹಿಡಿದು ಅವಳು ಎಲೆಗಳನ್ನು ಮೇಲ್ಮುಖ ಮಾಡಿ ಇಟ್ಟಳು, ಒಂದರ ಪಕ್ಕ ಒಂದು.

"ಎಕ್ಕದ ಜೋಡಿ, ಜೊತೆಗೆ ರಾಣಿ," ಎಂದು ಮರಿಸೆಲ್ ಓದಿದಳು. ಗೇಲನ್ ತನ್ನವನ್ನು ತಿರುಗಿಸಿದ. "ಎಕ್ಕ, ಏಳು. ಎರಡು ಜೋಡಿ ಗೆದ್ದಿದೆ." ರಾಶಿ ಅವನ ಕಡೆ ಹೋಯಿತು.

ಗೇಲನ್ ರಾಶಿಯನ್ನು ನೋಡಲಿಲ್ಲ. ಅವಳ ಎಕ್ಕವನ್ನೂ ರಾಣಿಯನ್ನೂ ನೋಡುತ್ತಿದ್ದ. "ಒಳ್ಳೇ ಎಲೆ," ಎಂದ ನಿಧಾನವಾಗಿ. "ಇದಕ್ಕೆ ಏರಿಸಿದ್ದು ಸರಿಯಾಗೇ ಇದೆ. ನಾನೂ ಏರಿಸ್ತಿದ್ದೆ. ನೀನು ಯಾವತ್ತೂ ತೋರಿಸಿದ್ದೇ ಇಲ್ಲ ಅಲ್ವಾ?"

"ಗೇಲನ್," ಎಂದಳು. "ಆ ಮನೆ ನನಗೆ ಬೇಡ."

ಹೇಳಿಯಾಗಿತ್ತು. ದನಿ ಸಣ್ಣದಾಗಿತ್ತು, ಉಪ್ಪು ಕೊಡಿ ಎಂದು ಕೇಳಿದಷ್ಟು. ಎಲ್ಡನ್ ತನ್ನ ಬಿಲ್ಲೆಗಳನ್ನು ಬಹಳ ಆಸಕ್ತಿಯಿಂದ ಜೋಡಿಸತೊಡಗಿದ. ಮರಿಸೆಲ್‌ನ ಕೈಯಿಂದ ಎಲೆಗಳು ಜಾರುತ್ತಲೇ ಇದ್ದವು, ಒಬ್ಬೊಬ್ಬರ ಮುಂದೆ ಒಂದೊಂದು, ಅವನ ಮುಂದೂ, ಅವಳ ಮುಂದೂ. ಗೇಲನ್ ತನ್ನ ಎಲೆ ಎತ್ತಲಿಲ್ಲ. ಟೋಪಿ ತೆಗೆದುಕೊಂಡು, ಮೇಜಿನ ಅಂಚು ಹಿಡಿದು ಎದ್ದು, ನದಿಯ ಕಡೆಯ ಬಾಗಿಲಿಂದ ಹೊರಗೆ ಹೋದ. ಬಿಲ್ಲೆಗಳು ಅಲ್ಲೇ ಉಳಿದವು.

"ಹೋಗಮ್ಮ," ಎಂದಳು ರಮೋನಾ. "ಬಿಲ್ಲೆ ಎಲ್ಲೂ ಓಡಿಹೋಗಲ್ಲ. ಈ ಕುರುಡನ್ನ ನಾನು ನೋಡ್ಕೊಳ್ತೀನಿ."

"ನನ್ನ ಕಣ್ಣು ದುಡ್ಡನ್ನ ಚೆನ್ನಾಗೇ ಕಾಣುತ್ತೆ," ಎಂದ ಎಲ್ಡನ್.

ಲವೋನ್ ಎದ್ದಳು, ಮತ್ತೆ ನಿಂತಳು. "ಎಲ್ಡನ್, ಆಗ ನನ್ನ ಹತ್ರ ಮೂರು ರಾಣಿ ಇತ್ತು," ಎಂದಳು. ಅವನು ತಲೆಯೆತ್ತಿ, ನೋವಾದವನ ಹಾಗೆ ಅಲ್ಲ, ಏನೋ ಬಿಡುಗಡೆಯಾದವನ ಹಾಗೆ, "ನನಗೆ ಗೊತ್ತಿತ್ತು ಕಣಮ್ಮ, ಏನೋ ಇತ್ತು ಅಂತ" ಎಂದ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ನದಿಯುದ್ದಕ್ಕೂ ಹಾಕಿದ ಕಲ್ಲುಹಾದಿಯ ಕಟಕಟೆ ಹಿಡಿದು ಗೇಲನ್ ನಿಂತಿದ್ದ. ಕೆಳಗೆ ದಪ್ಪ ಮೀನುಗಳು ಯಾರಾದರೂ ರೊಟ್ಟಿ ಎಸೆಯುತ್ತಾರೆಂದು ಬಾಯಿ ಬಿಟ್ಟುಕೊಂಡು ಮೇಲೆ ಬಂದಿದ್ದವು. ಆಚೆ ದಡದಲ್ಲಿ ಬುಲ್‌ಹೆಡ್‌ನ ತಗ್ಗು ಮನೆಗಳು, ಮಣ್ಣುಬಣ್ಣದವು, ಬಿಸಿಲಿನಲ್ಲಿ ಕಣ್ಣುಮುಚ್ಚಿ ಕೂತ ಹಾಗೆ. ಅವಳು ಅವನ ಪಕ್ಕ ನಿಂತಳು, ತಾಗದಷ್ಟು ದೂರದಲ್ಲಿ. ಈಗ ಕ್ಷಮಿಸು ಎನ್ನಬೇಕು ಎಂದು ಹಳೆಯ ಬಾಯಿ ತೆರೆಯಿತು. ಮುಚ್ಚಿದಳು.

"ಚಳಿ, ಚಳಿ ಅಂತ ನೀನೇ ಅಂತಿದ್ದೆ," ಎಂದ ಅವನು.

"ಎಲ್ರೂ ಅಂತಾರೆ ಅಂತ ನಾನೂ ಅಂತಿದ್ದೆ."

"ನಾನು ಕೇಳಿದ್ದೆ ವೋನಿ. ನವೆಂಬರ್‌ನಲ್ಲಿ ಕೇಳ್ದೆ, ಕ್ರಿಸ್‌ಮಸ್‌ಗೆ ಕೇಳ್ದೆ. ನಿನ್ನಿಷ್ಟ ಅಂತ ನೀನಂದೆ."

"ಹೌದು."

"ಅದಕ್ಕೆ ನಾನೇನು ಮಾಡ್ಲಿ?" ಅವನ ದನಿ ಏರಲಿಲ್ಲ, ಏರಿದ್ದರೆ ಸುಲಭವಾಗುತ್ತಿತ್ತು. "ಜೊತೆಗೆ ಆಡ್ತಿದೀವಿ ಅಂದ್ಕೊಂಡಿದ್ದೆ. ಇಷ್ಟು ವರ್ಷ ನಾನೊಬ್ನೇ ಆಡಿದ್ದಾ?" ಮೀನುಗಳನ್ನು ನೋಡುತ್ತ, ಅವಳ ಕಡೆ ತಿರುಗದೆ ಕೇಳಿದ: "ಪಿಯಾನೋ?"

"ಇಷ್ಟ ಇತ್ತು ನನಗೆ."

"ಆ ಸೋಫಾ?"

"ಮೊದಲಿಂದಲೂ ಕಂಡ್ರಾಗಲ್ಲ."

ಅವನ ಗಂಟಲಿಂದ ಒಂದು ಸದ್ದು ಬಂತು. ನಗು ಇರಬಹುದು, ಅಲ್ಲದಿರಬಹುದು. "ನನಗೂ ಅಷ್ಟೇ," ಎಂದ. "ಬೆನ್ನು ನೋಯುತ್ತೆ." ಆಮೇಲೆ ಕಟಕಟೆಯ ಮೇಲಿದ್ದ ತನ್ನ ಕೈಗಳನ್ನು ನೋಡುತ್ತ, "ಆದ್ರೆ ಚಳಿ ಮಾತ್ರ ನನಗೆ ಬೇಡ ವೋನಿ. ಸುಳ್ಳಲ್ಲ. ಹಿಮ ತಳ್ಳೋ ಗಾಡಿ ಓಡಿಸಿ ಜಿಲ್ಲೆಯ ರಸ್ತೆಗಳ ಹಿಮ ಎಲ್ಲ ಈ ಕೈಯಿಂದ ತಳ್ಳಿದೀನಿ. ಬೆಳಗ್ಗೆ ಕಿಟಕಿ ಬೆಳ್ಳಗೆ ಕಂಡ್ರೆ ಈಗ್ಲೂ ಎದೆ ಧಸಕ್ ಅನ್ನುತ್ತೆ, ಎದ್ದು ಹೋಗ್ಬೇಕಲ್ಲ ಅಂತ. ನಿವೃತ್ತಿ ಆದ್ಮೇಲೂ" ಎಂದ.

ಇದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಬೆಳಗಿನ ಜಾವ ಅವನು ಮಗ್ಗುಲು ಬದಲಿಸುವುದನ್ನು ಕೇಳಿದ್ದಳು, ಸೊಂಟ ನೋವೆಂದುಕೊಂಡಿದ್ದಳು. ಒಂದೇ ಕಿಟಕಿಯ ಎರಡು ಕಡೆ ನಿಂತು ಇಬ್ಬರೂ ಒಂದೇ ಹಿಮವನ್ನು ನೋಡಿದ್ದರು. ಇಬ್ಬರ ಮಾತೂ ಕೂಡಿಸಿದರೆ ಉತ್ತರ ಬರುವುದಿಲ್ಲ ಎಂದು ತಿಳಿದೂ ಅವಳಿಗೆ ಹೆದರಿಕೆಯಾಗಲಿಲ್ಲ. ಗಂಟಲು ಖಾಲಿಯಾಗಿತ್ತು. ಉಸಿರು ನೇರವಾಗಿ ಒಳಗೆ ಹೋಗಿ ನೇರವಾಗಿ ಹೊರಗೆ ಬರುತ್ತಿತ್ತು, ಮೈನಾಟ್‌ನ ಜನವರಿಯಲ್ಲಿ ಬಾಗಿಲು ತೆರೆದಾಗಿನ ಮೊದಲ ಉಸಿರಿನ ಹಾಗೆ.

ಆಚೆ ದಡಕ್ಕೆ ಹೋಗುವ ದೋಣಿ ಬಂದು ಕಟ್ಟೆಗೆ ತಾಗಿತು. ದೋಣಿಯವನು ಹಗ್ಗ ಹಿಡಿದು ಇವರ ಕಡೆ ನೋಡಿ, "ಬರ್ತೀರಾ?" ಎಂದು ಕೂಗಿದ. ಗೇಲನ್ ಅವಳ ಕಡೆ ತಿರುಗಿ ಕಾಯುತ್ತಿದ್ದ. ನಿನ್ನಿಷ್ಟ ಎಂಬ ಉತ್ತರಕ್ಕಲ್ಲ, ಇನ್ನೂ ನೋಡಿಲ್ಲದ ಎಲೆಗೆ ಕಾಯುವ ಹಾಗೆ.

"ಇವತ್ತಿಲ್ಲ," ಎಂದಳು ಲವೋನ್, ದೋಣಿಯವನಿಗೆ ಕೇಳುವಷ್ಟು ಗಟ್ಟಿಯಾಗಿ.

ದೋಣಿ ಹೊರಟಿತು. ಗೇಲನ್ ಬೆಂಚಿನ ಮೇಲೆ ಕಾಲು ಚಾಚಿ ಕೂತು ಪಕ್ಕದ ಜಾಗವನ್ನು ಟೋಪಿಯಿಂದ ಒರೆಸಿದ. "ಆ ಹೆಂಗಸಿಗೆ ಫೋನ್ ಮಾಡ್ಬೇಕು. ಮಾಡೋಣ. ಮೊದ್ಲು ಕೂತ್ಕೋ. ಏನಿದೆ ಹೇಳು ಆ ಹಿಮದಲ್ಲಿ ಅಂಥದ್ದು."

ಅವಳು ಹೇಳಿದಳು. ಕಿಟಕಿ, ಆಲೂಗಡ್ಡೆ, ದೀಪ ಹಾಕುವ ಮುಂಚಿನ ಹೊತ್ತು, ಒಳಗಿಂದ ಏಳುವ ನೀಲಿ. ಮಾತು ತಡವರಿಸಿತು, ಕೆಲವು ಕಡೆ ಪೆದ್ದಾಗಿ ಕೇಳಿಸಿತು, ಆದರೂ ಕೊನೆಯವರೆಗೆ ಹೇಳಿದಳು. "ನಿನಗೆ ಗೊತ್ತಿರಬೇಕಲ್ಲ," ಎಂದಳು ಆಮೇಲೆ. "ಆ ಹೊತ್ತಿಗೆ ನೀನು ಅದರ ನಡುವೆಯೇ ಗಾಡಿ ಓಡಿಸ್ತಿದ್ದೆ."

ಗೇಲನ್ ಯೋಚಿಸಿದ. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡುತ್ತಿದ್ದ, ಕಣ್ಣು ಕಿರಿದಾಗಿತ್ತು.

"ಇಲ್ಲ," ಎಂದ. "ನಾನು ರಸ್ತೆ ನೋಡ್ತಿದ್ದೆ."